ಹೆಲಿಕಾಪ್ಟರ್ ಸುಳ್ಳಲ್ಲ, ಒಬ್ಬನೇ ಡಾಕ್ಟರ್ ಸುಳ್ಳು

"ಹಂಗೆಲ್ಲಾ ಖರೇನ ಆಗ್ತದೇನ್ರಿ?"

‘ದ ಟ್ರಾಮಾ ಕೋಡ್: ಹೀರೋಸ್ ಆನ್ ಕಾಲ್’ ಎಂಬ ಕೊರಿಯನ್ ಆಸ್ಪತ್ರೆ ಧಾರಾವಾಹಿ ನೋಡಿದವರ ಬಾಯಿಂದ ಹುಬ್ಬಳ್ಳಿ-ಧಾರವಾಡದ ಕಡೆ ಹೊರಡುವ ಮೊದಲ ಪ್ರಶ್ನೆ ಇದು. ಎರಡನೆಯದು ಮಕ್ಕಳ ಜೊತೆ ಕೂತು ನೋಡಿದ ಅವ್ವಂದಿರದು: "ಒಬ್ಬ ಪೇಶಂಟ್ ಸಲುವಾಗಿ ಅಷ್ಟು ಮಂದಿ ಓಡ್ಯಾಡ್ತಾರಲ್ಲ, ನಮ್ಮ ಕಡೆ ಸ್ಟ್ರೆಚರ್ ಸುದ್ದಾ ನಾವ ದಬ್ಬಬೇಕು." ಮೂರನೆಯದು ನರ್ಸಿಂಗ್, ಮೆಡಿಕಲ್ ಓದುವ ಹುಡುಗರದು, ಸ್ವಲ್ಪ ಮೂಗು ಮುರಿದು: "ಒಬ್ಬನ ಸರ್ಜನ್ ತಲಿನೂ ತೆಗಿತಾನ, ಎದಿನೂ ತೆಗಿತಾನ, ಹೊಟ್ಟಿನೂ ತೆಗಿತಾನ. ಮತ್ತ ಉಳಿದ ಡಿಪಾರ್ಟ್‌ಮೆಂಟ್ ಯಾಕ ಬೇಕು?"

ಮೂರೂ ಮಾತಿನಲ್ಲಿ ಹುರುಳಿದೆ. ಆದರೆ ನೋಡುಗರು ಸುಳ್ಳೆಂದು ನಕ್ಕ ಎಷ್ಟೋ ಸಂಗತಿ ಅದರಲ್ಲಿ ನಿಜ, ನಿಜವೆಂದು ನಂಬಿ ಎದೆ ಹಿಡಿದುಕೊಂಡ ಕೆಲವು ದೃಶ್ಯ ಕಥೆಗಾರನ ಕೈಚಳಕ.

ಮೊದಲು ಗೊತ್ತಿರಬೇಕಾದಷ್ಟು. 2025ರ ಜನವರಿ 24ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಧಾರಾವಾಹಿ, ಒಟ್ಟು 8 ಕಂತು. ಯುದ್ಧಭೂಮಿಯಲ್ಲಿ ಕೆಲಸ ಮಾಡಿ ಬಂದ ಸರ್ಜನ್ ಬೇಕ್ ಕಾಂಗ್-ಹ್ಯಕ್ ಆಗಿ ಜು ಜಿ-ಹೂನ್, ಅವನ ಕೈಗೆ ಸಿಕ್ಕು ಹಣ್ಣಾಗುವ ಕಿರಿಯ ವೈದ್ಯ ಯಾಂಗ್ ಜೇ-ವೊನ್ ಆಗಿ ಚೂ ಯಂಗ್-ವೂ. ಇಬ್ಬರಿಗೂ ಆ ವರ್ಷ ಕೊರಿಯಾದ ಬೇಕ್‌ಸಾಂಗ್ ಪ್ರಶಸ್ತಿ ಬಂತು. ಮೂಲ ಒಂದು ವೆಬ್ ಕಾದಂಬರಿ. ಬರೆದವರು ಸ್ವತಃ ಕಿವಿ-ಮೂಗು-ಗಂಟಲು ವೈದ್ಯ. ಒಳಗಿನ ಆಸ್ಪತ್ರೆ ರಾಜಕೀಯ ಅಷ್ಟು ಖಾರವಾಗಿರುವುದಕ್ಕೆ ಅದೂ ಒಂದು ಕಾರಣ.

ಕಾಂಗ್-ಹ್ಯಕ್‌ನಂಥ ಮನುಷ್ಯ ಎಲ್ಲಿಯಾದರೂ ಇದ್ದಾನೆಯೇ? ಕೊರಿಯಾದ ನೋಡುಗರಿಗೆ ಕೂಡಲೇ ನೆನಪಾಗಿದ್ದು ಲೀ ಗುಕ್-ಜೊಂಗ್. ಸುವೊನ್ ಊರಿನ ಅಜೌ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದವರು. 2011ರಲ್ಲಿ ಸೊಮಾಲಿ ಕಡಲ್ಗಳ್ಳರ ಕೈಯಿಂದ ಹಡಗು ಬಿಡಿಸಿಕೊಳ್ಳುವಾಗ ಗುಂಡು ತಿಂದ ಕ್ಯಾಪ್ಟನ್ ಸೊಕ್ ಹೇ-ಗ್ಯುನ್‌ನನ್ನು ಒಮಾನ್‌ಗೆ ಹೋಗಿ ಕರೆತಂದು ಬದುಕಿಸಿದವರು. 2017ರ ನವೆಂಬರ್‌ನಲ್ಲಿ ಉತ್ತರ ಕೊರಿಯಾದ ಗಡಿ ದಾಟಿ ಓಡಿಬಂದು, ಮೈತುಂಬ ಗುಂಡು ಬಿದ್ದ ಸೈನಿಕನಿಗೆ ಆಪರೇಷನ್ ಮಾಡಿದವರೂ ಅವರೇ. ಅಮೆರಿಕದ ಸ್ಯಾನ್ ಡಿಯೇಗೊ, ಲಂಡನ್ನಿನ ರಾಯಲ್ ಲಂಡನ್ ಆಸ್ಪತ್ರೆಗಳಲ್ಲಿ ಟ್ರಾಮಾ, ಅಂದರೆ ಪೆಟ್ಟಾದವರ ತುರ್ತು ಚಿಕಿತ್ಸೆ, ಕಲಿತು ಬಂದು ಹೆಲಿಕಾಪ್ಟರಿಗಾಗಿ ವರ್ಷಗಟ್ಟಲೆ ಜಗಳವಾಡಿದರು. ಸುತ್ತಲಿನ ಅಪಾರ್ಟ್‌ಮೆಂಟಿನವರು ಸದ್ದಿನ ದೂರು ಕೊಟ್ಟಿದ್ದೂ ಉಂಟು. 2020ರಲ್ಲಿ ಅಜೌ ಆಸ್ಪತ್ರೆಯ ಟ್ರಾಮಾ ಕೇಂದ್ರದ ಮುಖ್ಯಸ್ಥನ ಹುದ್ದೆ ಬಿಟ್ಟರು. ಕೊರಿಯಾದಲ್ಲಿ ವೈದ್ಯರನ್ನು ಹೊತ್ತು ಹಾರುವ ‘ಡಾಕ್ಟರ್ ಹೆಲಿ’ ಸೇವೆ 2011ರಲ್ಲೇ ಶುರುವಾಗಿದೆ. ಹೀಗಾಗಿ ಹೆಲಿಕಾಪ್ಟರ್ ನೋಡಿ ನಗುವುದಕ್ಕೆ ಕಾರಣವಿಲ್ಲ.

ನಗಬಹುದಾದದ್ದು ಹೆಲಿಕಾಪ್ಟರಿನೊಳಗೆ ಅವನು ಮಾಡುವ ಕೆಲಸಕ್ಕೆ. ಹಾರುತ್ತಿರುವಾಗಲೇ ತಲೆಬುರುಡೆಗೆ ತೂತು ಕೊರೆಯುವ ದೃಶ್ಯದ ಬಗ್ಗೆ ಎಲ್ಲರೂ ಮಾತಾಡಿದರು. ಬುರುಡೆಗೆ ತೂತು ಕೊರೆಯುವುದು ಹಳೆಯ ಚಿಕಿತ್ಸೆ. ಕಪಾಲದ ಪಕ್ಕದ ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡು ಒಂದು ಅಪಧಮನಿ ಹಾದುಹೋಗುತ್ತದೆ. ಪೆಟ್ಟು ಬಿದ್ದು ಅದು ಹರಿದರೆ ಮೂಳೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ. ಗಾಯಾಳು ಮೊದಲು ಎಚ್ಚರ ತಪ್ಪಿ, ಆಮೇಲೆ ಎದ್ದು ಮಾತಾಡಿ, ನೀರು ಕೇಳಿ, ಒಂದೆರಡು ತಾಸಿನ ಮೇಲೆ ಮತ್ತೆ ಮಂಪರಿಗೆ ಜಾರುತ್ತಾನೆ. ಪೆಟ್ಟು ಬಿದ್ದ ಬದಿಯ ಕಣ್ಣಿನ ಪಾಪೆ ಅಗಲವಾಗುತ್ತದೆ. "ಬೈಕಿನ್ಯಾಗ ಬಿದ್ದಿದ್ದ, ಮನಿಗೆ ಬಂದು ಊಟಾ ಮಾಡಿ ಮಲಗಿದಾಂವ ಏಳ್ಲಿಲ್ಲ" ಅಂತ ನಮ್ಮ ಕಡೆ ಕೇಳಿಬರುವ ಸಾವುಗಳಲ್ಲಿ ಕೆಲವು ಇವೇ. ಆ ಹೊತ್ತಿಗೆ ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆ. ಆದರೆ ಒಳಗಿರುವ ರಕ್ತ ಹೆಪ್ಪುಗಟ್ಟಿ ಗಟ್ಟಿ ಹಲ್ವದಂತಾಗಿರುತ್ತದೆ, ಸಣ್ಣ ತೂತಿನಿಂದ ಪೂರ್ತಿ ಬರುವುದಿಲ್ಲ. ಮೂಳೆಯ ತುಂಡನ್ನೇ ತೆಗೆದು ತೊಳೆಯಬೇಕು, ಸೋರುವ ನಾಳವನ್ನು ಸುಟ್ಟು ಮುಚ್ಚಬೇಕು. ತೂತು ಬರೀ ಸಮಯ ಕೊಂಡುಕೊಳ್ಳುವ ಉಪಾಯ.

ಇನ್ನು ಹಾರುವಾಗ ಅದನ್ನು ಮಾಡುವುದು. ಹೆಲಿಕಾಪ್ಟರ್ ಗಡಗಡ ನಡುಗುತ್ತದೆ, ಸ್ಟೆತಸ್ಕೋಪಿನಲ್ಲಿ ಉಸಿರು ಕೇಳುವುದೇ ಇಲ್ಲ, ಮೊಣಕೈ ಆಡಿಸಲು ಜಾಗವಿಲ್ಲ. ಅದಕ್ಕೇ ಈ ಕೆಲಸ ಬಲ್ಲವರು ಮಾಡಬೇಕಾದದ್ದನ್ನು ನೆಲದ ಮೇಲೆಯೇ ಮುಗಿಸುತ್ತಾರೆ: ಉಸಿರಿನ ನಳಿಕೆ, ಎದೆಗೆ ಟ್ಯೂಬ್, ಎರಡು ದಪ್ಪ ಐವಿ. ಎದೆಯಲ್ಲಿ ಗಾಳಿ ಸೇರಿಕೊಂಡವನನ್ನು ಟ್ಯೂಬ್ ಹಾಕದೆ ಮೇಲಕ್ಕೆ ಒಯ್ದರೆ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಶ್ವಾಸಕೋಶ ಮತ್ತಷ್ಟು ಮುದುಡುತ್ತದೆ.

ಮೆಡಿಕಲ್ ಹುಡುಗರ ಆಕ್ಷೇಪಕ್ಕೆ ಬರೋಣ. ಧಾರಾವಾಹಿಯ ದೊಡ್ಡ ಸುಳ್ಳು ಇರುವುದು ಅಲ್ಲೇ. ಗಾಯಾಳುವನ್ನು ಮೊದಲು ಮಲಗಿಸುವ ಟ್ರಾಮಾ ಬೇನಲ್ಲಿ ಒಬ್ಬ ಹೀರೋ ಇರುವುದಿಲ್ಲ. ತಲೆಯ ಬಳಿ ಅರಿವಳಿಕೆ ವೈದ್ಯ, ಎದೆ-ಹೊಟ್ಟೆಯ ಬಳಿ ಒಬ್ಬ, ಎಡ ಬಲ ಕೈಗೆ ಐವಿ ಹಾಕಲು ಇಬ್ಬರು ನರ್ಸ್, ಸಮಯ ಬರೆದುಕೊಳ್ಳಲು ಒಬ್ಬರು, ರಕ್ತ ತರಲು ಓಡುವವನು ಒಬ್ಬ. ತಂಡದ ನಾಯಕ ಕಾಲ ಬುಡದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಕೈಹಾಕಿದರೆ ಅವನ ಕಣ್ಣು ಒಂದೇ ಗಾಯಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೇ ಕೈ ಹಾಕುವುದಿಲ್ಲ. ಆದರೆ ಕೈಕಟ್ಟಿ ನಿಂತವನ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ಇಡಲಿಕ್ಕಾಗುತ್ತದೆ ಹೇಳಿ! ನನ್ನ ಲೆಕ್ಕದಲ್ಲಿ ಇಡೀ ಧಾರಾವಾಹಿಯ ನಿಜವಾದ ಪಾತ್ರಗಳು ನರ್ಸ್ ಚೊನ್ ಜಾಂಗ್-ಮಿ ಮತ್ತು ಅರಿವಳಿಕೆಯ ಪಾರ್ಕ್ ಗ್ಯೊಂಗ್-ವೊನ್. ಸರ್ಜನ್ ಹೊಲಿಗೆ ಹಾಕುವಾಗ ಬಿ.ಪಿ. ಹಿಡಿದು ನಿಲ್ಲಿಸುವವನು ಅರಿವಳಿಕೆಯವನು. ಅವನ ಬಗ್ಗೆ ನಮ್ಮಲ್ಲಿ ಮಾತಾಡಿದವರು ಕಡಿಮೆ.

ಜೇ-ವೊನ್ ಗುದದ್ವಾರದ ವಿಭಾಗದಿಂದ ಬಂದವನು ಅಂತ ಕಾಂಗ್-ಹ್ಯಕ್ ಅವನನ್ನು ಆ ಅಂಗದ ಹೆಸರಿನಿಂದಲೇ ಕೂಗುತ್ತಾನೆ. ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಕರುಳಿನ ಸರ್ಜರಿ ಬಲ್ಲ ಹುಡುಗ ಟ್ರಾಮಾಕ್ಕೆ ಒಳ್ಳೆಯ ಕಚ್ಚಾ ಮಾಲು. ಹೊಟ್ಟೆಯ ಪೆಟ್ಟಿನಲ್ಲಿ ಕೈಕೊಡುವುದು ಗುಲ್ಮ, ಯಕೃತ್ತು, ಕರುಳು, ಕರುಳಿಗೆ ರಕ್ತ ಒಯ್ಯುವ ಪೊರೆ. ಇವನ್ನು ದಿನಾ ಮುಟ್ಟುವ ಕೈ ಅವನದು. ಕಲಿಯಬೇಕಾದದ್ದು ವೇಗ, ಮತ್ತು ಅದಕ್ಕಿಂತ ಕಷ್ಟದ್ದು, ಅರ್ಧಕ್ಕೆ ನಿಲ್ಲಿಸುವುದು.

ಅರ್ಧಕ್ಕೆ ನಿಲ್ಲಿಸುವ ಈ ವಿದ್ಯೆಯನ್ನು ವಿವರಿಸಲೇಬೇಕು. ನಮ್ಮ ಕಡೆ ಸಂಬಂಧಿಕರು ಐಸಿಯು ಬಾಗಿಲಲ್ಲಿ ಅತಿ ಹೆಚ್ಚು ಸಿಟ್ಟಿಗೇಳುವುದು ಇದನ್ನು ಕೇಳಿದಾಗ: "ಹೊಟ್ಟಿ ಹೊಲದಿಲ್ಲ, ಹಂಗ ತೆರದ ಇಟ್ಟಾರ!"

ರಕ್ತ ಸುರಿದವನ ಮೈ ತಣ್ಣಗಾಗುತ್ತದೆ. ಅಂಗಾಂಗಕ್ಕೆ ಆಮ್ಲಜನಕ ಸಾಲದೆ ರಕ್ತ ಆಮ್ಲೀಯವಾಗುತ್ತದೆ. ತಣ್ಣಗಿನ, ಆಮ್ಲೀಯ ರಕ್ತ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದೆ ಇನ್ನಷ್ಟು ಸೋರುತ್ತದೆ, ಸೋರಿ ಇನ್ನಷ್ಟು ತಣ್ಣಗಾಗುತ್ತದೆ. ಮೈ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ, ಪಿಎಚ್ 7.2ಕ್ಕಿಂತ ಕೆಳಗಿಳಿದವನ ಮೇಲೆ ನಾಲ್ಕು ತಾಸಿನ ಸುಂದರ ಆಪರೇಷನ್ ಮಾಡಿದರೆ ಹೊಲಿಗೆಯೆಲ್ಲ ಚೊಕ್ಕಟವಿರುತ್ತದೆ, ಮನುಷ್ಯ ಇರುವುದಿಲ್ಲ. ಹಾಗಾಗಿ ತಾಸು ಒಂದೂವರೆ ತಾಸಿನೊಳಗೆ ಹೊರಬರಬೇಕು. ಹೊಟ್ಟೆ ತೆರೆದು ನಾಲ್ಕೂ ಮೂಲೆಗೆ ದೊಡ್ಡ ಮಾಪ್ (ರಕ್ತ ಹೀರುವ ಬಟ್ಟೆ) ತುರುಕಿ ಒತ್ತುವುದು. ಸೋರುವ ನಾಳ ಕಟ್ಟುವುದು. ಹರಿದ ಕರುಳನ್ನು ಜೋಡಿಸದೆ ತುದಿ ಮಾತ್ರ ಕಟ್ಟಿ ಮಲ ಚೆಲ್ಲದಂತೆ ಮಾಡುವುದು. ಯಕೃತ್ತಿನ ಸುತ್ತಿನ ಮಾಪ್ ಒಳಗೇ ಬಿಟ್ಟು, ಎಷ್ಟು ಬಿಟ್ಟಿದ್ದೇವೆಂದು ಎಣಿಸಿ ಬರೆದಿಡುವುದು. ಹೊಟ್ಟೆಯ ಬಾಯಿಗೆ ಸ್ಟೆರೈಲ್ ಪ್ಲಾಸ್ಟಿಕ್ ಚೀಲ ಹೊಲಿಯುವುದು. ಕೊಲಂಬಿಯಾದ ವೈದ್ಯರು ಸಲೈನ್ ಚೀಲ ಕತ್ತರಿಸಿ ಹೊಲಿದಿದ್ದರಿಂದ ಅದಕ್ಕೆ ಬೊಗೊಟಾ ಬ್ಯಾಗ್ ಅನ್ನುತ್ತಾರೆ, ನಮ್ಮ ದೇಶದಲ್ಲಿ ಮೂತ್ರ ಸಂಗ್ರಹಿಸುವ ಯೂರೋಬ್ಯಾಗ್ ಬಿಡಿಸಿ ಹಾಕುವುದೂ ರೂಢಿ. ಆಮೇಲೆ ಐಸಿಯುನಲ್ಲಿ ಮೈ ಬೆಚ್ಚಗೆ ಮಾಡಿ, ರಕ್ತ ತುಂಬಿಸಿ, 24ರಿಂದ 48 ತಾಸಿಗೆ ಮತ್ತೆ ಒಳಗೊಯ್ದು ಮಾಪ್ ತೆಗೆದು ಕರುಳು ಜೋಡಿಸುವುದು. ಇದಕ್ಕೆ ‘ಡ್ಯಾಮೇಜ್ ಕಂಟ್ರೋಲ್’ ಎಂಬ ಹೆಸರು ಬಂದದ್ದು ಅಮೆರಿಕದ ನೌಕಾಪಡೆಯಿಂದ, ಸರ್ಜರಿಯಲ್ಲಿ ಅದು ನೆಲೆಯಾದದ್ದು 1993ರಲ್ಲಿ. ತೂತು ಬಿದ್ದ ಹಡಗಿಗೆ ಬಣ್ಣ ಬಳಿಯುವುದು ಆಮೇಲೆ, ಮೊದಲು ದಡಕ್ಕೆ ಮುಟ್ಟಲಿ ಅಂತ.

ಈಗ ರಕ್ತದ ವಿಷಯ. ತೆರೆಯ ಮೇಲೆ "ಓ ನೆಗೆಟಿವ್ ತನ್ನಿ" ಅಂದ ಎರಡನೇ ಸೆಕೆಂಡಿಗೆ ಚೀಲ ತೂಗುತ್ತಿರುತ್ತದೆ. ನಿಜ ಜೀವನದ ಗಡಿಯಾರ ಬೇರೆ.

70 ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 5 ಲೀಟರ್ ರಕ್ತ. 750 ಎಂ.ಎಲ್. ಹೋದರೂ ಮೇಲುನೋಟಕ್ಕೆ ಗೊತ್ತಾಗುವುದಿಲ್ಲ. ಒಂದೂವರೆ ಲೀಟರ್ ಹತ್ತಿರ ಬಂದಾಗ ನಾಡಿ ಓಡುತ್ತದೆ, ಮೈ ಬೆವರುತ್ತದೆ, ಆದರೆ ಬಿ.ಪಿ. ಇನ್ನೂ ಸರಿ ಇರಬಹುದು. ಹರೆಯದವರಲ್ಲಿ ಇದು ದೊಡ್ಡ ಮೋಸ. ಬಿ.ಪಿ. ಬಿದ್ದಾಗ ಮೂರನೇ ಒಂದು ಭಾಗ ಹೋಗಿರುತ್ತದೆ. ಎಲ್ಲಿ ಹೋಗುತ್ತದೆ? ನೆಲದ ಮೇಲೆ, ಎದೆಯಲ್ಲಿ, ಹೊಟ್ಟೆಯಲ್ಲಿ, ಸೊಂಟದ ಮೂಳೆಯ ಹಿಂದೆ, ತೊಡೆಯಲ್ಲಿ. ಒಂದು ತೊಡೆ ಮೂಳೆ ಮುರಿದರೆ ಚರ್ಮಕ್ಕೆ ಗೀರಿಲ್ಲದೆಯೂ ಒಂದು-ಒಂದೂವರೆ ಲೀಟರ್ ಒಳಗೇ ಇಳಿಯಬಹುದು. ಕಾಂಗ್-ಹ್ಯಕ್ ಹೊಟ್ಟೆ ಮುಟ್ಟಿಯೇ ಹೇಳಿಬಿಡುವ ಮಾಂತ್ರಿಕ. ಉಳಿದವರಿಗೆ ಇರುವುದು ಅಲ್ಟ್ರಾಸೌಂಡ್: ಹೃದಯದ ಸುತ್ತ, ಯಕೃತ್ತು-ಮೂತ್ರಪಿಂಡದ ನಡುವೆ, ಗುಲ್ಮ-ಮೂತ್ರಪಿಂಡದ ನಡುವೆ, ಕಿಬ್ಬೊಟ್ಟೆಯಲ್ಲಿ, ಹೀಗೆ ನಾಲ್ಕು ಕಡೆ ಕಪ್ಪು ಪಟ್ಟಿ ಹುಡುಕುವುದು. ಎರಡು-ಮೂರು ನಿಮಿಷದ ಕೆಲಸ. ಸ್ವಲ್ಪವೇ ರಕ್ತವಿದ್ದರೆ ಕಾಣುವುದಿಲ್ಲ, ಆದ್ದರಿಂದ ಒಮ್ಮೆ ಏನೂ ಇಲ್ಲವೆಂದರೂ ಮತ್ತೆ ಮಾಡಬೇಕು.

ರಕ್ತದ ಗುಂಪು ನೋಡಲು 10 ನಿಮಿಷ, ಗಾಯಾಳುವಿನ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಪೂರ್ತಿ ಕ್ರಾಸ್‌ಮ್ಯಾಚ್‌ಗೆ ಮುಕ್ಕಾಲು ತಾಸು. ಬರೀ ಕೆಂಪುಕಣ ತುಂಬಿದರೆ ಸಾಲದು, ಹೆಪ್ಪುಗಟ್ಟಿಸುವ ಅಂಶಗಳು ಪ್ಲಾಸ್ಮಾದಲ್ಲಿವೆ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಹೆಚ್ಚುಕಡಿಮೆ ಸಮಸಮ ಕೊಡುವುದು ಈಗಿನ ಕ್ರಮ. ಪ್ಲಾಸ್ಮಾ ಫ್ರೀಜರಿನಲ್ಲಿ ಕಲ್ಲಾಗಿರುತ್ತದೆ, 37 ಡಿಗ್ರಿ ನೀರಿನಲ್ಲಿ ಕರಗಲು 20-30 ನಿಮಿಷ ಬೇಕು. ಅವಸರಕ್ಕೆ ಬಿಸಿನೀರಿಗೆ ಹಾಕಿದರೆ ಅದರಲ್ಲಿರುವ ಅಂಶಗಳೇ ಕೆಡುತ್ತವೆ. ಪ್ಲೇಟ್‌ಲೆಟ್ 5 ದಿನ ಮಾತ್ರ ಬಾಳುತ್ತದೆ, ಫ್ರಿಜ್‌ನಲ್ಲೂ ಇಡುವಂತಿಲ್ಲ. ಫ್ರಿಜ್‌ನಿಂದ ತೆಗೆದ ಕೆಂಪುಕಣವನ್ನು ಹಾಗೇ ಏರಿಸಿದರೆ ಆಗಲೇ ತಣ್ಣಗಾದವನನ್ನು ಇನ್ನೂ ತಣ್ಣಗೆ ಮಾಡಿದಂತೆ. ರಕ್ತ ಹೆಪ್ಪುಗಟ್ಟದಿರಲೆಂದು ಚೀಲದಲ್ಲಿ ಹಾಕಿರುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಆದ್ದರಿಂದ ನಾಲ್ಕಾರು ಚೀಲವಾಗುತ್ತಲೇ ಕ್ಯಾಲ್ಸಿಯಂ ಇಂಜೆಕ್ಷನ್ ಮರೆಯಬಾರದು. "ರಕ್ತಾ ಏರಿಸ್ಯಾರ, ಆದ್ರೂ ಬಿ.ಪಿ. ಏರವಲ್ದು" ಅನ್ನುವ ಕಡೆ ಹುಡುಕಬೇಕಾದ ಕಾರಣಗಳಲ್ಲಿ ಇದೂ ಒಂದು.

ಇದರ ನಡುವೆ ಅಗ್ಗದ ಒಂದು ಔಷಧಿ ಇದೆ, ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋದರೆ ಕೊಡುವ ಅದೇ ಔಷಧಿ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪೆಟ್ಟಾದ 3 ತಾಸಿನೊಳಗೆ ಕೊಟ್ಟರೆ ಜೀವ ಉಳಿಸುತ್ತದೆ, 3 ತಾಸು ದಾಟಿದ ಮೇಲೆ ಕೊಟ್ಟರೆ ಕೇಡು. ಮೊದಲ 1 ಗ್ರಾಂ 10 ನಿಮಿಷದಲ್ಲಿ, ಮುಂದಿನ 1 ಗ್ರಾಂ 8 ತಾಸಿನಲ್ಲಿ. ನಮ್ಮಲ್ಲಿ ಸಿಗುವ 500 ಮಿ.ಗ್ರಾಂ. ಆಂಪ್ಯೂಲ್ ಎರಡು ಒಡೆದರೆ ಮೊದಲ ಡೋಸ್ ಆಯಿತು. ಇದಕ್ಕೆ ಹೆಲಿಕಾಪ್ಟರ್ ಬೇಡ, ತಾಲೂಕು ಆಸ್ಪತ್ರೆ ಸಾಕು. ಇಂಥ ಸಪ್ಪೆ ಸಂಗತಿಯ ಮೇಲೆ ಯಾರೂ ಧಾರಾವಾಹಿ ತೆಗೆಯುವುದಿಲ್ಲ ಅನ್ನಿ.

ಇನ್ನೊಂದು ಸಣ್ಣ ಮಾತು. ವೈದ್ಯಕೀಯ ಧಾರಾವಾಹಿ ಯಾವ ದೇಶದ್ದಾದರೂ ಮಾನಿಟರಿನ ಗೆರೆ ಸಪಾಟಾದ ಕೂಡಲೇ ಎದೆಗೆ ಶಾಕ್ ಕೊಡುತ್ತಾರೆ. ಸಪಾಟಾದ ಗೆರೆಗೆ ಶಾಕ್ ನಾಟುವುದಿಲ್ಲ. ಪೆಟ್ಟಿನಿಂದ ಹೃದಯ ನಿಂತವನಲ್ಲಿ ನೋಡಬೇಕಾದದ್ದು ರಕ್ತ ಖಾಲಿಯಾಗಿದೆಯೇ, ಎದೆಯಲ್ಲಿ ಗಾಳಿ ಒತ್ತುತ್ತಿದೆಯೇ, ಹೃದಯದ ಚೀಲದಲ್ಲಿ ರಕ್ತ ತುಂಬಿದೆಯೇ ಎಂಬುದನ್ನು. ಎದೆ ತೆರೆದು ಹೃದಯ ಕೈಯಲ್ಲಿ ಹಿಡಿಯುವ ಆಪರೇಷನ್ ನಿಜಕ್ಕೂ ಉಂಟು. ಚಾಕು ಇರಿತದಲ್ಲಿ ಅದಕ್ಕೆ ಆಸೆಯಿದೆ. ಲಾರಿ ಗುದ್ದಿದವನಲ್ಲಿ ಬದುಕುವವರು ನೂರಕ್ಕೆ ಒಬ್ಬರೋ ಇಬ್ಬರೋ.

ಜೇ-ವೊನ್‌ನ ಹಳೆಯ ವಿಭಾಗದ ಮುಖ್ಯಸ್ಥ ಹಾನ್ ಯು-ರಿಮ್‌ನ ಮಗಳು ಅಪಘಾತಕ್ಕೆ ಸಿಕ್ಕು ಅದೇ ಟ್ರಾಮಾ ಟೇಬಲ್ಲಿಗೆ ಬರುವ ಭಾಗಕ್ಕೆ ಅತ್ತವರು ಬಹಳ ಮಂದಿ. ಅದು ಕಥೆ, ಚೆನ್ನಾಗಿ ಕಟ್ಟಿದ್ದಾರೆ. ಪ್ರೇಮ ಪ್ರಕರಣ ತುರುಕಿಲ್ಲ ಅನ್ನುವುದಕ್ಕೂ ಮೆಚ್ಚುಗೆ ಬಂತು, ಅದು ನನ್ನದೂ ಹೌದು.

ಅತಿ ಕಡಿಮೆ ಮಂದಿ ಗಮನಿಸಿದ, ಅತಿ ಹೆಚ್ಚು ನಿಜವಾದ ಸಂಗತಿ ದುಡ್ಡಿನದು. ಎಷ್ಟು ಜೀವ ಉಳಿಸಿದರೆ ಅಷ್ಟು ನಷ್ಟ ಅಂತ ಆಸ್ಪತ್ರೆಯ ಆಡಳಿತದವರು ಕಾಂಗ್-ಹ್ಯಕ್ ಮೇಲೆ ಹರಿಹಾಯುತ್ತಾರೆ. ನಮ್ಮ ನೋಡುಗರು ಅವರನ್ನು ಖಳನಾಯಕರೆಂದು ಬೈದು ಮುಗಿಸಿದರು. ಲೆಕ್ಕ ಹಾಕಿ ನೋಡಿ. ಟ್ರಾಮಾ ಆಪರೇಷನ್ ಥಿಯೇಟರ್ ಖಾಲಿ ಇಟ್ಟುಕೊಂಡು ಕಾಯಬೇಕು. ರಾತ್ರಿ ಎರಡಕ್ಕೆ ಗಾಯಾಳು ಬರದಿದ್ದರೂ ಅರಿವಳಿಕೆಯವರು, ನರ್ಸ್, ಸಿಟಿ ಸ್ಕ್ಯಾನಿನವರು, ಬ್ಲಡ್ ಬ್ಯಾಂಕಿನವರು ಎಚ್ಚರವಿರಬೇಕು. ಅಗ್ನಿಶಾಮಕದವರಿಗೆ ಬೆಂಕಿ ಬೀಳದ ದಿನವೂ ಸಂಬಳ ಕೊಡುವ ಹಾಗೆ. ಬಿಲ್ಲಿನ ಮೇಲೆ ನಡೆಯುವ ಆಸ್ಪತ್ರೆಗೆ ಇದು ಬಗೆಹರಿಯುವುದೇ ಇಲ್ಲ, ಸರ್ಕಾರದ ದುಡ್ಡು ಬೇಕು. ಕೊರಿಯಾದಲ್ಲಿ ಈ ಮಾತಿಗೆ ಇನ್ನೂ ಹರಿತವಾದ ಅರ್ಥವಿತ್ತು. ಮೆಡಿಕಲ್ ಸೀಟು ಹೆಚ್ಚಿಸುವ ನಿರ್ಧಾರ ವಿರೋಧಿಸಿ 2024ರ ಫೆಬ್ರವರಿಯಿಂದ ಅಲ್ಲಿನ ಕಿರಿಯ ವೈದ್ಯರು ಕೆಲಸ ಬಿಟ್ಟು ಹೊರನಡೆದಿದ್ದರು, ಧಾರಾವಾಹಿ ಬಂದದ್ದು ಆ ಗದ್ದಲದ ನಡುವೆ. ಅದು ಓಡುತ್ತಿದ್ದ ದಿನಗಳಲ್ಲೇ ಸೋಲ್‌ನ ಗುರೋ ಆಸ್ಪತ್ರೆಯ ಟ್ರಾಮಾ ತರಬೇತಿ ಕೇಂದ್ರ ಅನುದಾನವಿಲ್ಲದೆ ಮುಚ್ಚುವ ಸುದ್ದಿ ಬಂದು, ಕೊನೆಗೆ ಸೋಲ್ ನಗರಾಡಳಿತ ಹಣ ಕೊಡಲು ಮುಂದಾಯಿತು.

ನಮ್ಮ ಕಡೆ ಗಾಯಾಳುವಿನ ಪಾಲಿಗೆ ದುಡ್ಡಿನ ದಾರಿ ಈಗ ಸ್ವಲ್ಪ ಇದೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಎತ್ತಿಕೊಂಡು ಬಂದವರನ್ನು ಪೊಲೀಸರು ಹೆಸರು-ವಿಳಾಸ ಕೊಡು ಅಂತ ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಅವರನ್ನು ಕಾಯುತ್ತದೆ. "ನಮಗ್ಯಾಕ ಬೇಕು ಪೊಲೀಸ್ ಲಫಡಾ" ಅಂತ ವಿಡಿಯೋ ತೆಗೆದು ಹೋಗುವುದಕ್ಕೆ ಕಾನೂನಿನ ನೆಪ ಉಳಿದಿಲ್ಲ.

ಈಗ ಹುಬ್ಬಳ್ಳಿ-ಧಾರವಾಡ ಬೈಪಾಸ್. ನರೇಂದ್ರದಿಂದ ಗಬ್ಬೂರಿನ ತನಕ ಸುಮಾರು 30 ಕಿ.ಮೀ. ಎರಡೂ ತುದಿಯಲ್ಲಿ ಚತುಷ್ಪಥ, ನಡುವೆ ಬಹುಕಾಲ ಎರಡೇ ಲೇನು, ನಡುವೆ ತಡೆಗೋಡೆಯಿಲ್ಲ. ಷಟ್ಪಥದ ಕೆಲಸ ಶುರುವಾಗುವ ತನಕ ಅಲ್ಲಿ ನಡೆದದ್ದೆಲ್ಲ ಮುಖಾಮುಖಿ ಡಿಕ್ಕಿಗಳ ಕಥೆ. ಮುಖಾಮುಖಿಯಲ್ಲಿ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದು ಪೆಟ್ಟು ತೊಡೆಗೆ, ಅಲ್ಲಿಂದ ಸೊಂಟಕ್ಕೆ ಏರುತ್ತದೆ. ಸ್ಟೀರಿಂಗ್ ಎದೆಗೆ ನಾಟುತ್ತದೆ. ಸೊಂಟದ ಮೂಳೆ ಪುಸ್ತಕದ ಹಾಗೆ ತೆರೆದುಕೊಂಡರೆ ಒಳಗೆ ಲೀಟರ್‌ಗಟ್ಟಲೆ ರಕ್ತ ಹಿಡಿಸುತ್ತದೆ. ಅದಕ್ಕೆ ಮೊದಲ ಚಿಕಿತ್ಸೆ ಬೆಡ್‌ಶೀಟ್. ಅದನ್ನು ಗೇಣಗಲ ಮಡಚಿ, ತೊಡೆಯ ಮೇಲ್ತುದಿಯಲ್ಲಿ ಹೊರಬದಿಗೆ ಕೈಗೆ ಸಿಗುವ ಉಬ್ಬು ಮೂಳೆಯ ಮಟ್ಟಕ್ಕೆ ಸುತ್ತಿ ಬಿಗಿಯಬೇಕು. ಎಲ್ಲರೂ ತಪ್ಪು ಮಾಡುವುದು ಬೆಲ್ಟಿನ ಜಾಗದಲ್ಲಿ ಕಟ್ಟಿ. ಅಲ್ಲಿ ಕಟ್ಟಿದರೆ ಮೂಳೆ ಕೂಡಿಕೊಳ್ಳುವುದಿಲ್ಲ, ಇನ್ನಷ್ಟು ಬಿಚ್ಚಿಕೊಳ್ಳಲೂಬಹುದು.

ರಸ್ತೆ ಬದಿಯಲ್ಲಿ ನಮ್ಮ ಮಂದಿಯ ಮೊದಲ ಕೆಲಸ ನೀರು ಕುಡಿಸುವುದು. ಪ್ರೀತಿಯಿಂದಲೇ ಮಾಡುತ್ತಾರೆ. ಆ ನೀರು ವಾಂತಿಯಾಗಿ, ಅರೆಪ್ರಜ್ಞೆಯಲ್ಲಿದ್ದವನ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇಡ. ಎರಡನೇ ಕೆಲಸ, ಕೈ ಇಬ್ಬರು ಕಾಲು ಇಬ್ಬರು ಹಿಡಿದು ಚೀಲದಂತೆ ಎತ್ತಿ ಟಂಟಂನ ಸೀಟಿನ ನಡುವೆ ಮಡಚಿ ಹಾಕುವುದು. ಕತ್ತಿನ ಮೂಳೆ ಸಡಿಲಾಗಿದ್ದರೆ ಅಲ್ಲಿಗೆ ಕೈಕಾಲು ಹೋದವು, ಗದ್ದ ಎದೆಗೆ ಒತ್ತಿದರೆ ಉಸಿರೂ ಹೋಯಿತು. ಬೆಂಕಿ ಇಲ್ಲದಿದ್ದರೆ, ಇನ್ನೊಂದು ಗಾಡಿ ಗುದ್ದುವ ಭಯ ಇಲ್ಲದಿದ್ದರೆ, ಅಲ್ಲೇ ಇರಲಿ. ಗೊರ ಗೊರ ಸದ್ದು ಬಂದರೆ ಒಬ್ಬರು ತಲೆ-ಕತ್ತು ಹಿಡಿದು, ಮೂವರು ಮೈಯನ್ನು ಒಂದೇ ದಿಮ್ಮಿಯಂತೆ ಪಕ್ಕಕ್ಕೆ ಹೊರಳಿಸಿ, ಬಾಯಿಯ ರಕ್ತ, ಮುರಿದ ಹಲ್ಲು ಹೊರಬರಲು ಬಿಡುವುದು.

ರಕ್ತ ಚಿಮ್ಮುತ್ತಿದ್ದರೆ ವಲ್ಲಿ ಮಡಚಿ ಗಾಯದ ಒಳಗೇ ತುರುಕಿ ಅಂಗೈಯಿಂದ ಮೈಭಾರ ಹಾಕಿ ಒತ್ತುವುದು, 10 ನಿಮಿಷ, ನಡುವೆ ಎತ್ತಿ ಇಣುಕದೆ. ಕೈಕಾಲಿನ ಗಾಯ ಇದಕ್ಕೂ ಬಗ್ಗದಿದ್ದರೆ ಕಟ್ಟು. ಲಾಡಿ, ಸುತಳಿ, ಬೂಟಿನ ದಾರ ಬೇಡವೇ ಬೇಡ. ತೆಳು ದಾರ ನರ ಕೊಯ್ಯುತ್ತದೆ. ಸಡಿಲ ಕಟ್ಟು ಇನ್ನೂ ಕೆಟ್ಟದ್ದು, ರಕ್ತ ಮರಳುವ ನಾಳ ಮಾತ್ರ ಮುಚ್ಚಿ, ಒಳಬರುವ ನಾಳ ತೆರೆದಿದ್ದು ಸೋರಿಕೆ ಹೆಚ್ಚುತ್ತದೆ. ಮೂರು ಬೆರಳಗಲದ ಪಟ್ಟಿ, ಗಾಯದಿಂದ 5-7 ಸೆಂ.ಮೀ. ಮೇಲೆ, ಮೊಣಕಾಲು-ಮೊಣಕೈ ಕೀಲಿನ ಮೇಲಲ್ಲ. ಗಂಟಿನಲ್ಲಿ ಗಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುವಿ ಕಟ್ಟಿಬಿಡಿ. ಗಾಯಾಳು ನೋವಿಗೆ ಕಿರುಚುತ್ತಾನೆ, ಬಿಚ್ಚಬೇಡಿ. ಕಟ್ಟಿದ ಸಮಯ ಅವನ ಹಣೆಯ ಮೇಲೋ ಕೈಮೇಲೋ ಪೆನ್ನಿನಿಂದ ಬರೆಯಿರಿ. 2 ತಾಸು ಅವಕಾಶವಿದೆ.

ಹಾವೇರಿ ಕಡೆಯ ಪೆಟ್ಟು ಬೇರೆ ಜಾತಿಯದು. ದೀಪಾವಳಿಯ ನಂತರ ಕೊಬ್ಬರಿ ಹೋರಿ ಬೆದರಿಸುವ ದಿನಗಳಲ್ಲಿ ಹೋರಿ ಹಾಯ್ದು ಬರುವವರು. ಕೊಂಬಿನ ಗಾಯ ಹೊರಗೆ ಎರಡಿಂಚು, ಒಳಗೆ ಗೇಣುದ್ದ. ಹೋರಿ ತಿವಿದು ತಲೆ ಎತ್ತಿ ತಿರುವುವುದರಿಂದ ಒಳಗೆ ಒಂದೇ ದಾರಿಯಲ್ಲ, ಎರಡು ಮೂರು ದಿಕ್ಕಿಗೆ ಸೀಳಿರುತ್ತದೆ. ಮಣ್ಣು, ಸಗಣಿ, ಅಂಗಿಯ ಚೂರು ಒಳಹೊಕ್ಕಿರುತ್ತವೆ. ಹೊರಗಿಂದ ನಾಲ್ಕು ಹೊಲಿಗೆ ಹಾಕಿ ಮನೆಗೆ ಕಳಿಸಿದರೆ ಮೂರನೇ ದಿನಕ್ಕೆ ಕೀವು, ಜ್ವರ, ಕರುಳಿಗೆ ತಾಗಿದ್ದರೆ ಹೊಟ್ಟೆಯುಬ್ಬರ. ಕರುಳು ಹೊರಬಂದಿದ್ದರೆ ಒಳದಬ್ಬಬಾರದು. ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ, ಮಂಡಿ ಮಡಚಿ ಮಲಗಿಸಿ ಒಯ್ಯುವುದು. ಒಣಗಿದ ಕರುಳು ಸಾಯುತ್ತದೆ. ತೊಡೆಸಂದಿಗೆ ಹಾಯ್ದಿದ್ದರೆ ಅಲ್ಲಿ ಕಟ್ಟು ಹಾಕಲು ಜಾಗವಿಲ್ಲ, ಮುಷ್ಟಿ ಇಟ್ಟು ಒತ್ತಿಕೊಂಡೇ ಆಸ್ಪತ್ರೆ ಮುಟ್ಟಬೇಕು. ಚುಚ್ಚಿಕೊಂಡ ವಸ್ತು, ಅದು ಕೋಲಿರಲಿ ಕಬ್ಬಿಣವಿರಲಿ, ಕೀಳಬೇಡಿ. ಬಾಟಲಿಯ ಬೂಚು ಅದೇ.

ರಾಶಿ ಮಷಿನ್ನಿಗೆ ಕೈ ಸಿಕ್ಕು ತುಂಡಾದರೆ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡುವುದು. ಮಂಜಿನೊಳಗೇ ಹೂತರೆ ಮಾಂಸ ಸುಟ್ಟಂತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ದಾರಿ. ಗದಗಿನಿಂದ ಹುಬ್ಬಳ್ಳಿ 58 ಕಿ.ಮೀ. ಹತ್ತಿರ, ಹಾವೇರಿಯಿಂದ 75ರ ಆಸುಪಾಸು. ಎರಡೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ, ಆದರೂ ನರಶಸ್ತ್ರಚಿಕಿತ್ಸೆಯೋ ರಕ್ತನಾಳದ ಕೆಲಸವೋ ಬೇಕಾದರೆ ಗಾಡಿ ಹುಬ್ಬಳ್ಳಿ-ಧಾರವಾಡದ ಕಡೆ ಹೊರಡುತ್ತದೆ. ಮಂದಿ ಇನ್ನೂ ಕಿಮ್ಸ್ ಅಂತಲೇ ಕರೆಯುವ ವಿದ್ಯಾನಗರದ ಆಸ್ಪತ್ರೆಗೋ, ಸತ್ತೂರಿನ ಎಸ್‌ಡಿಎಂಗೋ. ಕಳಿಸುವ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಒಂದು ಸಾಲು ಏನನ್ನೂ ಹೇಳುವುದಿಲ್ಲ. ಪೆಟ್ಟಾದ ಸಮಯ, ನಾಡಿ, ಬಿ.ಪಿ., ಪ್ರಜ್ಞೆಯ ಅಂಕ, ಎರಡೂ ಪಾಪೆ, ಟ್ರಾನೆಕ್ಸಾಮಿಕ್ ಕೊಟ್ಟ ಸಮಯ, ಕಟ್ಟು ಬಿಗಿದ ಸಮಯ, ಎಷ್ಟು ಸಲೈನ್ ಹೋಗಿದೆ, ರಕ್ತದ ಗುಂಪು ಗೊತ್ತಿದ್ದರೆ ಅದು. ಮತ್ತೆ, ಗಾಡಿ ಹೊರಡುವ ಮುಂಚೆ ಒಂದು ಫೋನು. ಮುಂದಿನ ಆಸ್ಪತ್ರೆಯ ಸ್ವಾಗತ ಕೌಂಟರಿಗಲ್ಲ, ನೇರ ತುರ್ತು ವಿಭಾಗದ ಡ್ಯೂಟಿ ಡಾಕ್ಟರಿಗೆ. ಗದಗಿನಿಂದ ಹೊರಡುವಾಗ ಆ ಫೋನು ಹೋಗಿದ್ದರೆ ಬ್ಲಡ್ ಬ್ಯಾಂಕಿನವರು ಪ್ಲಾಸ್ಮಾ ನೀರಿಗೆ ಹಾಕುತ್ತಾರೆ, ಆಂಬುಲೆನ್ಸ್ ಅಣ್ಣಿಗೇರಿ ದಾಟುವಷ್ಟರಲ್ಲಿ ಅದು ಕರಗಿರುತ್ತದೆ.